ಹಾಲ್‌ನ ಬಾಕ್ಸ್, ರೂಮಿನ ಟಿವಿ: ಚಿತ್ರ ಎಲ್ಲಿ ನಿಲ್ಲುತ್ತಿದೆ ಎಂದು ಹುಡುಕುವುದು ಹೇಗೆ

ಸೆಟ್ ಟಾಪ್ ಬಾಕ್ಸ್ ಒಂದೇ, ಅದು ಹಾಲ್‌ನಲ್ಲಿದೆ. ಒಳಗಿನ ರೂಮಿನಲ್ಲೋ ಮಹಡಿಯ ಮೇಲೋ ಇನ್ನೊಂದು ಟಿವಿ ಇದೆ. ಅಲ್ಲಿಗೂ ಚಿತ್ರ ಬರಲಿ ಎಂದು ವೈರ್ ಎಳೆದಿದ್ದೀರಿ. ಆದರೆ ಚಿತ್ರವೇ ಇಲ್ಲ, ಅಥವಾ ಬಂದು ಬಂದು ಹೋಗುತ್ತಿದೆ, ಅಥವಾ ಬಣ್ಣವಿಲ್ಲ, ಸದ್ದಿಲ್ಲ. ಇಂಥ ಮನೆಗಳಲ್ಲಿ ಸಾಮಾನ್ಯವಾಗಿ ನಡೆಯುವುದು ಒಂದೇ: ಮೊದಲು ಹೊಸ ಸ್ಪ್ಲಿಟರ್ (ಒಂದು ಸಿಗ್ನಲನ್ನು ಎರಡು ಕಡೆಗೆ ಹಂಚುವ ಡಬ್ಬಿ) ಬರುತ್ತದೆ, ಆಮೇಲೆ ಹೊಸ ಕೇಬಲ್, ಆಮೇಲೆ ಇನ್ನೂ ದುಬಾರಿ ಕೇಬಲ್. ದೋಷ ಮಾತ್ರ ಇದ್ದಲ್ಲೇ ಇರುತ್ತದೆ. ದಯವಿಟ್ಟು ಅಂಗಡಿಗೆ ಹೋಗುವ ಮೊದಲು ದೋಷ ಯಾವ ತುಂಡಿನಲ್ಲಿದೆ ಎಂದು ಕಂಡುಕೊಳ್ಳಿ. ಅದಕ್ಕೆ ಖರ್ಚಿಲ್ಲ, ಅರ್ಧ ಗಂಟೆ ಸಾಕು.

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಒಂದು ಬಾಕ್ಸ್‌ನಿಂದ ಎರಡು ಟಿವಿಗೆ ಕೊಟ್ಟರೆ ಎರಡರಲ್ಲೂ ಒಂದೇ ಚಾನೆಲ್ ಬರುತ್ತದೆ. ಹಳೆಯ ಕೇಬಲ್ ಕಾಲದಲ್ಲಿ ಹಾಗಿರಲಿಲ್ಲ. ವೈರ್‌ಗೆ ಒಂದು ಸ್ಪ್ಲಿಟರ್ ಹಾಕಿದರೆ ಎರಡು ಟಿವಿಯಲ್ಲಿ ಬೇರೆ ಬೇರೆ ಚಾನೆಲ್ ನೋಡಬಹುದಿತ್ತು. ಆಗ ಚಾನೆಲ್ ಆರಿಸುವ ಕೆಲಸ ಟಿವಿಯೇ ಮಾಡುತ್ತಿತ್ತು. ಬೆಂಗಳೂರು, ಮೈಸೂರುಗಳಲ್ಲಿ 2013ರ ಮಾರ್ಚ್ ಕೊನೆಗೆ, ಉಳಿದ ಕಡೆ 2017ರ ಹೊತ್ತಿಗೆ ಕೇಬಲ್ ಡಿಜಿಟಲ್ ಆಗಬೇಕಾಯಿತು. ಅಲ್ಲಿಂದ ಆ ಕೆಲಸ ಬಾಕ್ಸ್‌ನದು. ಹಾಲ್‌ನಲ್ಲಿ ವಾರ್ತೆ, ರೂಮಿನಲ್ಲಿ ಧಾರಾವಾಹಿ ಬೇಕು ಅಂದರೆ ಎರಡನೇ ಬಾಕ್ಸ್ ಬೇಕೇ ಬೇಕು. ಮಲ್ಟಿ ಟಿವಿ ಕನೆಕ್ಷನ್ ಕೇಳಿ ಪಡೆಯಿರಿ. ವೈರ್‌ನಿಂದ ಅದು ಆಗುವುದಿಲ್ಲ.

ಮೊದಲ ಪರೀಕ್ಷೆ: ಪರದೆಯ ಮೇಲಿನ ಅಕ್ಷರ ಯಾರದು?

ರೂಮಿನ ಟಿವಿಯಲ್ಲಿ ಏನು ಬರೆದಿದೆ ನೋಡಿ. ‘ನೋ ಸಿಗ್ನಲ್’ ಎಂದು ಪರದೆಯಲ್ಲಿ ತೇಲುತ್ತಿದ್ದರೆ, ಅದನ್ನು ಬರೆದದ್ದು ಸಾಮಾನ್ಯವಾಗಿ ಟಿವಿ. ಬಾಕ್ಸ್‌ನಿಂದ ಅದಕ್ಕೆ ಏನೂ ತಲುಪಿಲ್ಲ ಎಂದರ್ಥ. ಡಿಟಿಎಚ್ ಕಂಪನಿಯ ಗುರುತು, ಎರರ್ ನಂಬರ್, ಗ್ರಾಹಕ ಸೇವೆಯ ನಂಬರ್ ಇರುವ ಸಂದೇಶ ಬಂದರೆ ಅದನ್ನು ಬರೆದದ್ದು ಬಾಕ್ಸ್. ಅಂದರೆ ಬಾಕ್ಸ್‌ನಿಂದ ರೂಮಿನವರೆಗಿನ ನಿಮ್ಮ ವೈರ್ ಚೆನ್ನಾಗಿಯೇ ಇದೆ. ದೋಷ ಡಿಶ್ ಕಡೆ, ಇಲ್ಲವೇ ರೀಚಾರ್ಜ್ ಕಡೆ. ಇಷ್ಟು ತಿಳಿಯದೆ ಗೋಡೆಯೊಳಗಿನ ವೈರ್ ಕಿತ್ತು ಹಾಕಿದ ಮನೆಗಳಿವೆ.

ಮಳೆಗಾಲದಲ್ಲಿ ಎರಡೂ ಟಿವಿಯಲ್ಲಿ ಚಿತ್ರ ಒಟ್ಟಿಗೆ ಚೌಕ ಚೌಕವಾಗಿ ಒಡೆದರೆ ಅದೂ ಡಿಶ್ ಕಡೆಯ ಮಾತೇ. ಜೋರು ಮಳೆ ನಿಂತ ಮೇಲೆ ಸರಿಹೋದರೆ ಚಿಂತೆ ಬೇಡ. ಬಿಸಿಲು ಬಂದ ಮೇಲೂ ಹಾಗೇ ಇದ್ದರೆ ಮಾಳಿಗೆಯ ಮೇಲೆ ಎಲ್‌ಎನ್‌ಬಿಗೆ (ಡಿಶ್‌ನ ಮುಂದೆ ಸಿಗ್ನಲ್ ಹಿಡಿಯುವ ಭಾಗ) ಸಿಕ್ಕಿಸಿರುವ ಪಿನ್ ಬಿಚ್ಚಿ ನೋಡಿ. ನೀರು ಇಳಿದು ಒಳಗಿನ ತಾಮ್ರ ಹಸಿರುಗಟ್ಟಿರುತ್ತದೆ.

ಎರಡನೇ ಪರೀಕ್ಷೆ: ಉದ್ದದ ವೈರ್ ಪಕ್ಕಕ್ಕಿಡಿ

ರೂಮಿನ ಟಿವಿಯನ್ನು ಬಾಕ್ಸ್ ಹತ್ತಿರ ತಂದು, ಚಿಕ್ಕ ಕೇಬಲ್‌ನಲ್ಲಿ ನೇರವಾಗಿ ಸಿಕ್ಕಿಸಿ. ಟಿವಿ ಗೋಡೆಗೆ ಹೊಡೆದಿದ್ದರೆ ಬಾಕ್ಸನ್ನೇ ಟಿವಿ ಹತ್ತಿರ ಒಯ್ಯಿರಿ. ಡಿಶ್ ವೈರ್ ಇಲ್ಲದಿದ್ದರೂ ಪರವಾಗಿಲ್ಲ. ಕರೆಂಟ್ ಕೊಟ್ಟರೆ ಬಾಕ್ಸ್ ತನ್ನ ಮೆನುವನ್ನೋ ಎರರ್ ಸಂದೇಶವನ್ನೋ ತೋರಿಸುತ್ತದೆ. ಚಿತ್ರ ಹೋಗುತ್ತಿದೆಯೇ ಎಂದು ತಿಳಿಯಲು ಅಷ್ಟು ಸಾಕು.

ಚಿಕ್ಕ ಕೇಬಲ್‌ನಲ್ಲಿ ಬಂತು ಅಂದರೆ ಬಾಕ್ಸ್ ಸರಿ, ಟಿವಿ ಸರಿ. ದೋಷ ನಡುವೆ ಇದೆ. ಈಗ ಸ್ಪ್ಲಿಟರ್ ಮಾತ್ರ ಸೇರಿಸಿ ನೋಡಿ. ಅದೂ ಸರಿಯಿದ್ದರೆ ಉದ್ದದ ಕೇಬಲ್ ಸೇರಿಸಿ. ಯಾವುದನ್ನು ಸೇರಿಸಿದಾಗ ಚಿತ್ರ ಹೋಯಿತೋ ಅದೇ ಅಪರಾಧಿ. ಒಮ್ಮೆಗೆ ಒಂದನ್ನೇ ಬದಲಿಸಿ. ಎರಡು ವಸ್ತು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಸರಿಹೋಯಿತು ಎಂದೇ ತಿಳಿಯುವುದಿಲ್ಲ, ಅದೇ ದೋಷ ಮತ್ತೆ ಬಂದಾಗ ಮೊದಲಿನಿಂದ ಶುರು ಮಾಡಬೇಕಾಗುತ್ತದೆ.

ಚಿಕ್ಕ ಕೇಬಲ್‌ನಲ್ಲೂ ಬರಲಿಲ್ಲವೇ? ಟಿವಿ ರಿಮೋಟ್‌ನಲ್ಲಿ ಸೋರ್ಸ್ ಒತ್ತಿ, ಕೇಬಲ್ ಸಿಕ್ಕಿಸಿದ ಜಾಗವನ್ನೇ ಆರಿಸಿದ್ದೀರಾ ನೋಡಿ. ಆಮೇಲೆ ಟಿವಿಯ ಬೇರೆ ಎಚ್‌ಡಿಎಂಐ ಜಾಗಕ್ಕೆ ಹಾಕಿ. ಆಗಲೂ ಬರದಿದ್ದರೆ ಬಾಕ್ಸನ್ನು ಹಳದಿ ಪಿನ್‌ನ ಎವಿ ಕೇಬಲ್‌ನಿಂದ ಕೊಟ್ಟು ನೋಡಿ. ಎವಿಯಲ್ಲಿ ಬಂದು ಎಚ್‌ಡಿಎಂಐನಲ್ಲಿ ಯಾವ ಟಿವಿಗೂ ಬರದಿದ್ದರೆ ಬಾಕ್ಸ್‌ನ ಎಚ್‌ಡಿಎಂಐ ಸುಟ್ಟಿರುವ ಸಾಧ್ಯತೆ ಜಾಸ್ತಿ. ಗುಡುಗು ಸಿಡಿಲು ಹೊಡೆದ ಮಾರನೆಯ ದಿನ ಇದು ಹೆಚ್ಚಾಗಿ ಕಾಣುತ್ತದೆ.

ಎಚ್‌ಡಿಎಂಐ ಕೇಬಲ್ ಎಳೆದಿದ್ದರೆ

ಹೆಚ್ಚಿನ ತಕರಾರು ಬರುವುದು ಇಲ್ಲೇ. ಆದ್ದರಿಂದ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ಎಚ್‌ಡಿಎಂಐನಲ್ಲಿ ಚಿತ್ರ ಸುಮ್ನೆ ಒಂದು ಕಡೆಯಿಂದ ಹರಿಯುವುದಿಲ್ಲ. ಟಿವಿ ಮತ್ತು ಬಾಕ್ಸ್ ಮೊದಲು ಮಾತಾಡಿಕೊಳ್ಳುತ್ತವೆ. ಬಾಕ್ಸ್ 5 ವೋಲ್ಟ್ ಕಳಿಸುತ್ತದೆ. ಟಿವಿ ‘ನಾನಿದ್ದೇನೆ’ ಎಂದು ತಿಳಿಸುತ್ತದೆ. ಯಾವ ಅಳತೆಯ ಚಿತ್ರ, ಯಾವ ಬಗೆಯ ಸದ್ದು ತನಗೆ ಆಗುತ್ತದೆ ಎಂಬ ಪಟ್ಟಿ ಕೊಡುತ್ತದೆ. ಆಮೇಲೆ ನಕಲು ತಡೆಯುವ ಬೀಗವಾದ ಎಚ್‌ಡಿಸಿಪಿ ತಾಳೆಯಾಗಬೇಕು. ಇಷ್ಟಾದ ಮೇಲೆ ಚಿತ್ರ. ಈ ಮಾತುಕತೆ ಎಲ್ಲಿ ಮುರಿದರೂ ಪರದೆ ಕಪ್ಪು. ಹಾಗಾಗಿ ಪರದೆ ಕಪ್ಪಾದ ಮಾತ್ರಕ್ಕೆ ಕೇಬಲ್ ಹರಿದಿದೆ ಅಂದುಕೊಳ್ಳಬೇಡಿ.

ಮೊದಲು ಎಲ್ಲವನ್ನೂ ಗೋಡೆಯ ಸ್ವಿಚ್‌ನಿಂದ ಆಫ್ ಮಾಡಿ. ರಿಮೋಟ್‌ನಿಂದ ಆಫ್ ಮಾಡಿದರೆ ಸಾಲದು. ಒಂದು ನಿಮಿಷ ಬಿಟ್ಟು ಎರಡೂ ಟಿವಿ ಆನ್ ಮಾಡಿ, ಆಮೇಲೆ ಸ್ಪ್ಲಿಟರ್, ಕೊನೆಗೆ ಬಾಕ್ಸ್. ಮಾತುಕತೆ ಹೊಸದಾಗಿ ಶುರುವಾಗುತ್ತದೆ. ಇದರಿಂದ ಸರಿಹೋಗಿ ಮತ್ತೆ ಮತ್ತೆ ಕೆಡುತ್ತಿದ್ದರೆ ಸ್ಪ್ಲಿಟರ್ ಮೇಲೆ ಅನುಮಾನ ಪಡಿ.

ಚಿತ್ರ ಬರುತ್ತದೆ, ಆದರೆ ನಡುವೆ ಬಿಳಿ ಚುಕ್ಕಿಗಳು ಮಿನುಗುತ್ತವೆ, ಕ್ಷಣಕ್ಕೊಮ್ಮೆ ಕಪ್ಪಾಗುತ್ತದೆ. ಇದು ಉದ್ದದ ದೋಷ. ಸಾದಾ ತಾಮ್ರದ ಎಚ್‌ಡಿಎಂಐ ಕೇಬಲ್ 10 ಮೀಟರ್ ದಾಟಿದ ಮೇಲೆ ಭರವಸೆ ಕಡಿಮೆ. ಹೊಸ ಕೇಬಲ್ ಕೊಳ್ಳುವ ಮೊದಲು ಬಾಕ್ಸ್‌ನ ಸೆಟ್ಟಿಂಗ್‌ಗೆ ಹೋಗಿ, ರೆಸೊಲ್ಯೂಷನ್ 1080ಪಿ ಇದ್ದರೆ 1080ಐ ಅಥವಾ 720ಪಿ ಮಾಡಿ. 1080ಪಿ ಚಿತ್ರಕ್ಕೆ ಕೇಬಲ್ 148.5 ಮೆಗಾಹರ್ಟ್ಸ್ ಹೊರಬೇಕು. 1080ಐಗೆ ಅದರ ಅರ್ಧ, 74.25 ಸಾಕು. ನಮ್ಮ ಎಚ್‌ಡಿ ಚಾನೆಲ್‌ಗಳಲ್ಲಿ ಹೆಚ್ಚಿನವು 1080ಐನಲ್ಲೇ ಬರುವುದರಿಂದ ನೋಡುವವರಿಗೆ ವ್ಯತ್ಯಾಸ ಕಾಣುವುದು ಅಪರೂಪ. 4ಕೆ ಬಾಕ್ಸ್ ಆಗಿದ್ದರೆ ಇದು ಇನ್ನೂ ಮುಖ್ಯ. 60 ಫ್ರೇಮಿನ 4ಕೆ ಚಿತ್ರಕ್ಕೆ ಸೆಕೆಂಡಿಗೆ 18 ಗಿಗಾಬಿಟ್ ಸಾಗಿಸುವ ಕೇಬಲ್ ಬೇಕು. ರೂಮಿನ 32 ಇಂಚಿನ ಟಿವಿಗೆ ಅದರ ಅಗತ್ಯವೇ ಇಲ್ಲ, ಅಲ್ವಾ?

ಇಡೀ ಚಿತ್ರ ಗುಲಾಬಿಯಾಗಿಯೋ ಹಸಿರಾಗಿಯೋ ಕಂಡರೆ ಪಿನ್ ಸರಿಯಾಗಿ ಕೂತಿಲ್ಲ, ಇಲ್ಲವೇ ಬಣ್ಣದ ಲೆಕ್ಕದಲ್ಲಿ ಬಾಕ್ಸ್ ಮತ್ತು ಟಿವಿ ಒಪ್ಪಿಕೊಂಡಿಲ್ಲ. ಪಿನ್ ತೆಗೆದು ಮತ್ತೆ ಹಾಕಿ, ಬಾಕ್ಸ್ ಆಫ್ ಮಾಡಿ ಆನ್ ಮಾಡಿ.

ಚಿತ್ರ ಇದೆ, ಸದ್ದಿಲ್ಲ. ಅದೂ ಕೆಲವು ಎಚ್‌ಡಿ ಚಾನೆಲ್‌ಗಳಲ್ಲಿ ಮಾತ್ರ ಇಲ್ಲ. ಇದಕ್ಕೆ ಕಾರಣ ಹೆಚ್ಚಾಗಿ ಡಾಲ್ಬಿ. ಹಾಲ್‌ನ ಹೊಸ ಟಿವಿಗೆ ಡಾಲ್ಬಿ ಅರ್ಥವಾಗುತ್ತದೆ, ರೂಮಿನ ಹಳೆಯದಕ್ಕೆ ಆಗುವುದಿಲ್ಲ. ಬಾಕ್ಸ್‌ನ ಆಡಿಯೊ ಸೆಟ್ಟಿಂಗ್‌ನಲ್ಲಿ ಡಾಲ್ಬಿ ತೆಗೆದು ಪಿಸಿಎಂ ಅಥವಾ ಸ್ಟಿರಿಯೊ ಆರಿಸಿ. ಎರಡೂ ಕಡೆ ಸದ್ದು ಬರುತ್ತದೆ.

ಹಾಲ್‌ನ ಟಿವಿ ಆಫ್ ಮಾಡಿದೊಡನೆ ರೂಮಿನಲ್ಲೂ ಚಿತ್ರ ಹೋಗುತ್ತಿದ್ದರೆ ಮೊದಲು ಸ್ಪ್ಲಿಟರ್‌ಗೆ ಕರೆಂಟ್ ಎಲ್ಲಿಂದ ಬರುತ್ತಿದೆ ನೋಡಿ. ಟಿವಿಯ ಯುಎಸ್‌ಬಿಯಿಂದ ಕೊಟ್ಟಿದ್ದರೆ, ಟಿವಿ ಆಫ್ ಆದಾಗ ಸ್ಪ್ಲಿಟರ್ ಕೂಡ ಸಾಯುತ್ತದೆ. ಅದರ ಜೊತೆ ಬಂದ ಅಡಾಪ್ಟರನ್ನು ಪ್ಲಗ್‌ಗೆ ಹಾಕಿ. ಅಡಾಪ್ಟರ್ ಇದ್ದೂ ಹೀಗಾದರೆ ಸಿಇಸಿ ಎಂಬ ಸೌಲಭ್ಯ ಕಾರಣವಿರಬಹುದು. ಒಂದು ಟಿವಿ ಮಲಗಿದಾಗ ಬಾಕ್ಸನ್ನೂ ಮಲಗಿಸುವುದು ಅದರ ಕೆಲಸ. ಸ್ಯಾಮ್‌ಸಂಗ್ ಟಿವಿಯಲ್ಲಿ ಎನಿನೆಟ್ ಪ್ಲಸ್, ಎಲ್‌ಜಿಯಲ್ಲಿ ಸಿಂಪ್‌ಲಿಂಕ್, ಸೋನಿಯಲ್ಲಿ ಬ್ರಾವಿಯಾ ಸಿಂಕ್ ಎಂದು ಅದರ ಹೆಸರು. ಎರಡೂ ಟಿವಿಯಲ್ಲಿ ಆಫ್ ಮಾಡಿ.

ನಮ್ಮ ಕಡೆ ಇನ್ನೊಂದು ಸಂಗತಿ ಇದೆ. ಕರೆಂಟ್ ಹೋದಾಗ ಎರಡೂ ಟಿವಿ ಯುಪಿಎಸ್‌ನಲ್ಲಿ ಓಡುತ್ತಿರುತ್ತವೆ, ರೂಮಿನಲ್ಲಿ ಮಾತ್ರ ಚಿತ್ರ ಇರುವುದಿಲ್ಲ. ಸ್ಪ್ಲಿಟರ್‌ನ ಅಡಾಪ್ಟರ್ ಯುಪಿಎಸ್ ಲೈನ್ ಇಲ್ಲದ ಪ್ಲಗ್‌ನಲ್ಲಿ ಇರುತ್ತದೆ, ಅಷ್ಟೇ.

ಬಾಕ್ಸ್‌ಗೆ ಸ್ಪ್ಲಿಟರ್ ಹಾಕಿದ ಮೇಲೆ ಹಾಲ್‌ನ ದೊಡ್ಡ ಟಿವಿಯ ಚಿತ್ರ ಮಂಕಾಯಿತು ಎಂಬ ದೂರೂ ಇದೆ. ಸ್ಪ್ಲಿಟರ್ ಎರಡೂ ಟಿವಿಯ ಪಟ್ಟಿ ನೋಡಿ, ಇಬ್ಬರಿಗೂ ಆಗುವ ಅಳತೆಯನ್ನು ಬಾಕ್ಸ್‌ಗೆ ಹೇಳುತ್ತದೆ. ರೂಮಿನದು ಹಳೆಯ ಎಚ್‌ಡಿ ರೆಡಿ ಟಿವಿಯಾದರೆ ಹಾಲ್‌ಗೂ ಕಡಿಮೆ ಅಳತೆಯೇ ಬರಬಹುದು. ಇದು ದೋಷವಲ್ಲ. ಎರಡೂ ಕಡೆಗೆ ಬೇರೆ ಬೇರೆ ಅಳತೆ ಕೊಡುವ, ಸ್ಕೇಲರ್ ಇರುವ ಸ್ಪ್ಲಿಟರ್ ಬರುತ್ತದೆ. ಅದಕ್ಕೆ ಬೆಲೆ ಜಾಸ್ತಿ.

ದುಬಾರಿ ಬೆಲೆಯ ಆಪ್ಟಿಕಲ್ ಎಚ್‌ಡಿಎಂಐ ಕೇಬಲ್ ಹಾಕಿಸಿ, ಏನೂ ಬರದಿದ್ದರೆ ತುದಿಗಳನ್ನು ಓದಿ. ‘ಸೋರ್ಸ್’ ಎಂದಿರುವ ತುದಿ ಬಾಕ್ಸ್‌ಗೆ, ‘ಡಿಸ್‌ಪ್ಲೇ’ ಎಂದಿರುವುದು ಟಿವಿಗೆ. ತಿರುಗಿಸಿ ಹಾಕಿದರೆ ಕೆಲಸ ಮಾಡುವುದಿಲ್ಲ. ಇದು ಗೋಡೆಯೊಳಗೆ ಹೋದ ಮೇಲೆ ತಿಳಿದರೆ ಬಹಳ ಸಂಕಟ. ಎಳೆಯುವ ಮೊದಲೇ ನೆಲದ ಮೇಲೆ ಹರಡಿ, ಎರಡೂ ತುದಿ ಸಿಕ್ಕಿಸಿ ಪರೀಕ್ಷಿಸಿ.

ಕ್ಯಾಟ್ 6 ವೈರ್ ಮತ್ತು ಎಕ್ಸ್‌ಟೆಂಡರ್

ನೆಟ್‌ವರ್ಕ್‌ಗೆ ಬಳಸುವ ಕ್ಯಾಟ್ 6 ವೈರ್‌ನ ಎರಡು ತುದಿಗೂ ಎಕ್ಸ್‌ಟೆಂಡರ್ ಎಂಬ ಚಿಕ್ಕ ಡಬ್ಬಿ ಹಾಕಿ, ಅದರ ಮೂಲಕ ಎಚ್‌ಡಿಎಂಐ ಚಿತ್ರ ಸಾಗಿಸುವ ದಾರಿ ಇದು. 15-20 ಮೀಟರ್ ದೂರಕ್ಕೆ ನನ್ನ ಆಯ್ಕೆ ಇದೇ. 20 ಎಂಎಂ ಪೈಪ್‌ನ ತಿರುವಿನಲ್ಲಿ ಎಚ್‌ಡಿಎಂಐ ಪಿನ್ ನುಗ್ಗುವುದಿಲ್ಲ. ಕ್ಯಾಟ್ 6 ವೈರ್ ಸಲೀಸಾಗಿ ಹೋಗುತ್ತದೆ, ಪಿನ್ ಆಮೇಲೆ ಹಾಕಿಸಬಹುದು.

ಚಿತ್ರ ಬರದಿದ್ದರೆ ಕಾರಣ ಬಹುಪಾಲು ಪಿನ್ ಹಾಕಿದ ರೀತಿಯಲ್ಲೇ ಇರುತ್ತದೆ. ಎರಡೂ ತುದಿಯಲ್ಲಿ ಬಣ್ಣದ ಕ್ರಮ ಒಂದೇ ಇರಬೇಕು. ನೆಟ್‌ವರ್ಕ್ ಕೆಲಸ ಮಾಡುವವರ ಬಳಿ ಇರುವ ಚಿಕ್ಕ ಟೆಸ್ಟರ್‌ನಲ್ಲಿ 1ರಿಂದ 8ರವರೆಗೆ ದೀಪ ಕ್ರಮವಾಗಿ ಹತ್ತಬೇಕು. ಎಂಟೂ ಹತ್ತಿದರೂ ಚಿತ್ರ ಮಿನುಗುತ್ತಿದ್ದರೆ ವೈರ್‌ನ ಒಂದು ಎಳೆಯನ್ನು ಚಾಕುವಿನಿಂದ ಕೆರೆದು ನೋಡಿ. ಮೇಲೆ ತಾಮ್ರದ ಬಣ್ಣ, ಒಳಗೆ ಬೆಳ್ಳಗೆ ಇದ್ದರೆ ಅದು ತಾಮ್ರ ಲೇಪಿಸಿದ ಅಲ್ಯೂಮಿನಿಯಂ. ಅಗ್ಗಕ್ಕೆ ಸಿಗುತ್ತದೆ ಎಂದು ಬಹಳ ಕಡೆ ಹಾಕುತ್ತಾರೆ. ಒಂದೇ ಅಡಾಪ್ಟರ್‌ನಿಂದ ಎರಡೂ ತುದಿಗೆ ಕರೆಂಟ್ ಕೊಡುವ ಎಕ್ಸ್‌ಟೆಂಡರ್‌ಗೆ ಇಂಥ ವೈರ್ ಆಗಿಬರುವುದಿಲ್ಲ, ದೂರದ ತುದಿಗೆ ವೋಲ್ಟೇಜ್ ಸಾಲದೆ ಹೋಗುತ್ತದೆ.

ಇನ್ನೊಂದು: ಕಡಿಮೆ ಬೆಲೆಯ ಎಕ್ಸ್‌ಟೆಂಡರ್‌ಗಳು ಎರಡು ತುದಿ ನೇರ ಸೇರಿದರೆ ಮಾತ್ರ ಕೆಲಸ ಮಾಡುತ್ತವೆ. ಪಿನ್ ಒಂದೇ ರೀತಿ ಇದೆ ಎಂದು ನಡುವೆ ರೂಟರ್‌ಗೆ ಸಿಕ್ಕಿಸಬೇಡಿ. ರೂಟರ್ ಮೂಲಕ ಹೋಗುವ ಬಗೆ ಬೇರೆ, ಅದರ ಪೆಟ್ಟಿಗೆಯ ಮೇಲೆ ಐಪಿ ಎಂದು ಬರೆದಿರುತ್ತದೆ.

ಹಳದಿ, ಕೆಂಪು, ಬಿಳಿ ಪಿನ್‌ನ ಎವಿ ಕೇಬಲ್

ಹಳೆಯ ಟಿವಿಗೆ ಈಗಲೂ ಇದೇ ಸುಲಭದ ದಾರಿ. ಹಾಲ್‌ಗೆ ಎಚ್‌ಡಿಎಂಐ, ರೂಮಿಗೆ ಎವಿ ಎಂದು ಕೊಟ್ಟರೆ ಸ್ಪ್ಲಿಟರ್ ಕೂಡ ಬೇಕಾಗಿಲ್ಲ. ಹೆಚ್ಚಿನ ಬಾಕ್ಸ್‌ಗಳಲ್ಲಿ ಎರಡೂ ಒಟ್ಟಿಗೆ ಕೆಲಸ ಮಾಡುತ್ತವೆ.

ಎರಡೂ ಟಿವಿಗೆ ಎವಿಯಿಂದಲೇ ಕೊಟ್ಟು, ಹಳದಿ ವೈರನ್ನು ಒಂದು ವೈ ಪಿನ್‌ನಿಂದ ಎರಡು ಮಾಡಿದ್ದರೆ ಚಿತ್ರ ಕಪ್ಪಗೆ ಮಂಕಾಗುತ್ತದೆ, ಕೆಲವೊಮ್ಮೆ ಉರುಳುತ್ತದೆ. ಕಾರಣ ಸರಳ. ಬಾಕ್ಸ್ 75 ಓಮ್‌ನ ಒಂದು ಟಿವಿಗೆ 1 ವೋಲ್ಟ್ ಕೊಡುವಂತೆ ತಯಾರಾಗಿದೆ. ಎರಡು ಟಿವಿ ಸೇರಿದರೆ ಅದು 37.5 ಓಮ್ ಆಗುತ್ತದೆ, ಸಿಗ್ನಲ್ ಸುಮಾರು 0.67 ವೋಲ್ಟ್‌ಗೆ ಇಳಿಯುತ್ತದೆ. ಟಿವಿ ಆಫ್ ಮಾಡಿದರೂ ಈ ಹೊರೆ ಹೋಗುವುದಿಲ್ಲ, ಪಿನ್ ಕಿತ್ತರೆ ಮಾತ್ರ ಹೋಗುತ್ತದೆ. ಹಾಲ್‌ನ ಪಿನ್ ಕಿತ್ತು ನೋಡಿ. ರೂಮಿನ ಚಿತ್ರ ಬೆಳಗಿತು ಅಂದರೆ ದೋಷ ಇದೇ. ಸಿಗ್ನಲ್ ಕುಗ್ಗಿಸದೆ ಎರಡು ಟಿವಿಗೆ ಹಂಚುವ ಎವಿ ಡಿಸ್ಟ್ರಿಬ್ಯೂಷನ್ ಆಂಪ್ಲಿಫೈಯರ್ ಹಾಕಬೇಕು. ಕೆಂಪು, ಬಿಳಿ ಅಂದರೆ ಸದ್ದಿನ ವೈರನ್ನು ಮಾತ್ರ ವೈ ಪಿನ್‌ನಿಂದ ಎರಡು ಮಾಡಬಹುದು, ತೊಂದರೆಯಿಲ್ಲ.

ಚಿತ್ರ ಕಪ್ಪು ಬಿಳುಪಾಗಿದೆಯೇ? ಹಲವು ಹೊಸ ಟಿವಿಗಳಲ್ಲಿ ಹಳದಿ ಪಿನ್‌ಗೆ ಬೇರೆ ತೂತು ಇರುವುದಿಲ್ಲ. ಹಸಿರು ತೂತಿಗೇ ಹಾಕಿ, ಸೋರ್ಸ್‌ನಲ್ಲಿ ಕಾಂಪೊನೆಂಟ್ ಬಿಟ್ಟು ಎವಿ ಆರಿಸಬೇಕು. ಬಾಕ್ಸ್‌ನ ಸೆಟ್ಟಿಂಗ್‌ನಲ್ಲಿ ನಮ್ಮ ಬಣ್ಣದ ಪದ್ಧತಿಯಾದ ಪಾಲ್ ಬದಲು ಅಮೆರಿಕದ ಎನ್‌ಟಿಎಸ್‌ಸಿ ಇದ್ದರೂ ಕೆಲವು ಹಳೆಯ ಟಿವಿಗಳಲ್ಲಿ ಬಣ್ಣ ಹೋಗುತ್ತದೆ. ಇವೆರಡೂ ಅಲ್ಲದಿದ್ದರೆ ವೈರ್ ಕಡೆ ನೋಡಿ. ಪಾಲ್‌ನಲ್ಲಿ ಬಣ್ಣ ಸಾಗುವುದು 4.43 ಮೆಗಾಹರ್ಟ್ಸ್‌ನಲ್ಲಿ. ಉದ್ದದ ತೆಳ್ಳಗಿನ ವೈರ್‌ನಲ್ಲಿ ಮೊದಲು ಸೋರಿ ಹೋಗುವುದು ಅದೇ. ಹಳದಿ ಪಿನ್‌ಗೆ ಮಾತ್ರ ಡಿಶ್‌ಗೆ ಬಳಸುವ ಆರ್‌ಜಿ 6 ವೈರ್ ಹಾಕಿ, ತುದಿಗೆ ಎವಿ ಕೇಬಲ್‌ನಲ್ಲಿರುವಂಥ ಆರ್‌ಸಿಎ ಪಿನ್ ಕೂರಿಸಿ. ಮೂವತ್ತು ಮೀಟರ್ ದೂರಕ್ಕೂ ಬಣ್ಣ ನಿಲ್ಲುತ್ತದೆ.

ಈಗಿನ ಚಿಕ್ಕ ಬಾಕ್ಸ್‌ಗಳಲ್ಲಿ ಎವಿಗೆ ಹೆಡ್‌ಫೋನ್ ತೂತಿನಂಥದ್ದು ಒಂದೇ ಇರುತ್ತದೆ. ಅದಕ್ಕೆ ಸಿಗುವ ಕೇಬಲ್‌ಗಳು ನೋಡಲು ಒಂದೇ, ಒಳಗಿನ ಜೋಡಣೆ ಬೇರೆ ಬೇರೆ. ಚಿತ್ರದ ಬದಲು ಗೆರೆಗಳು, ಸ್ಪೀಕರ್‌ನಲ್ಲಿ ಗುರ್ ಎಂಬ ಸದ್ದು ಬಂದರೆ ಕೆಂಪು ಪಿನ್ ತೆಗೆದು ಹಳದಿ ತೂತಿಗೆ ಹಾಕಿ ನೋಡಿ. ಚಿತ್ರ ಬಂದರೆ ಹಾಗೇ ಬಿಡಬಹುದು. ಬರದಿದ್ದರೆ ಬಾಕ್ಸ್ ಜೊತೆ ಕೊಡುವ ಕೇಬಲನ್ನೇ ಕೇಳಿ ತರಿಸಿ.

ಮಾಡ್ಯುಲೇಟರ್ ಹಾಕಿ ಆಂಟೆನಾ ಪಿನ್‌ಗೆ ಕೊಟ್ಟಿದ್ದರೆ

ಎವಿ ಚಿತ್ರವನ್ನು ಹಳೆಯ ಟಿವಿ ಚಾನೆಲ್‌ನಂತೆ ಮಾಡಿ ಆಂಟೆನಾ ವೈರ್‌ಗೆ ಕೊಡುವ ಡಬ್ಬಿಯೇ ಮಾಡ್ಯುಲೇಟರ್. ಟಿವಿಯಲ್ಲಿ ಅನಲಾಗ್ ಹುಡುಕಾಟ ಮಾಡಬೇಕು, ಡಿಜಿಟಲ್ ಅಲ್ಲ. 3ನೇ ಚಾನೆಲ್ ಆದರೆ 55.25, 4 ಆದರೆ 62.25 ಮೆಗಾಹರ್ಟ್ಸ್‌ನಲ್ಲಿ ಸಿಗುತ್ತದೆ. ಚಿತ್ರ ಸ್ಪಷ್ಟವಾಗಿದ್ದು ಸದ್ದಿನ ಬದಲು ಬರೀ ಭುಸ್ ಎಂದರೆ ಮಾಡ್ಯುಲೇಟರ್ ಬೇರೆ ದೇಶದ ಪದ್ಧತಿಯಲ್ಲಿದೆ. ನಮ್ಮದು ಬಿ/ಜಿ, ಸದ್ದಿನ ಅಂತರ 5.5 ಮೆಗಾಹರ್ಟ್ಸ್. ಅದಕ್ಕೆ ತಿರುಗಿಸಿ.

ಡಿಶ್ ವೈರ್‌ಗೇ ಸ್ಪ್ಲಿಟರ್ ಹಾಕಿದ್ದರೆ

ಎರಡನೇ ಬಾಕ್ಸ್ ತಂದವರು ಇಲ್ಲಿ ಸಿಕ್ಕಿಬೀಳುತ್ತಾರೆ. ಕೆಲವು ಚಾನೆಲ್ ಬರುತ್ತವೆ, ಕೆಲವು ಬರುವುದಿಲ್ಲ. ಹಾಲ್‌ನಲ್ಲಿ ಚಾನೆಲ್ ಬದಲಿಸಿದರೆ ರೂಮಿನಲ್ಲಿ ಚಿತ್ರ ಹೋಗುತ್ತದೆ. ಬಾಕ್ಸ್ ಅದೇ ವೈರ್‌ನಲ್ಲಿ ಎಲ್‌ಎನ್‌ಬಿಗೆ 13 ಅಥವಾ 18 ವೋಲ್ಟ್ ಕಳಿಸಿ ತನಗೆ ಬೇಕಾದ ಸಿಗ್ನಲ್ ಕೇಳುತ್ತದೆ. ಒಂದೇ ಎಲ್‌ಎನ್‌ಬಿಗೆ ಎರಡು ಬಾಕ್ಸ್ ಬೇರೆ ಬೇರೆ ಕೇಳಿದರೆ ಒಂದಕ್ಕೆ ಮಾತ್ರ ಸಿಗುತ್ತದೆ. ಎರಡು ಪಿನ್‌ನ ಟ್ವಿನ್ ಎಲ್‌ಎನ್‌ಬಿ ಹಾಕಿಸಿ, ಪ್ರತಿ ಬಾಕ್ಸ್‌ಗೂ ಬೇರೆ ವೈರ್ ಎಳೆಸಬೇಕು.

ಲೋಕಲ್ ಕೇಬಲ್‌ನವರ ಬಾಕ್ಸ್ ಆದರೆ ಈ ವೋಲ್ಟ್‌ನ ತಂಟೆ ಇಲ್ಲ, ಅಲ್ಲಿ ಸ್ಪ್ಲಿಟರ್ ಕೆಲಸ ಮಾಡುತ್ತದೆ. ಆದರೆ ಎರಡು ದಾರಿಯ ಸ್ಪ್ಲಿಟರ್ ಪ್ರತಿ ಕಡೆಗೂ 3.5ರಿಂದ 4 ಡೆಸಿಬೆಲ್ ತಿನ್ನುತ್ತದೆ. ಮೊದಲೇ ಸಿಗ್ನಲ್ ಸೊರಗಿದ್ದರೆ ಚಿತ್ರ ಒಡೆಯುತ್ತದೆ. ಆಗ ಕಂಬದಿಂದ ಬರುವ ಮಟ್ಟ ಅಳೆಯಲು ಕೇಬಲ್‌ನವರನ್ನೇ ಕರೆಯಿರಿ, ಅವರ ಬಳಿ ಮೀಟರ್ ಇರುತ್ತದೆ.

ಚಿತ್ರ ಬಂತು, ಚಾನೆಲ್ ಬದಲಿಸುವುದು ಹೇಗೆ?

ಬಾಕ್ಸ್ ಹಾಲ್‌ನಲ್ಲಿ, ರಿಮೋಟ್ ರೂಮಿನಲ್ಲಿ. ಗೋಡೆ ದಾಟಿ ಇನ್ಫ್ರಾರೆಡ್ ಹೋಗುವುದಿಲ್ಲ. ರಿಮೋಟ್‌ನ ಈ ಸಂಕೇತವನ್ನು ವೈರ್‌ನಲ್ಲಿ ಬಾಕ್ಸ್‌ವರೆಗೆ ಒಯ್ಯುವ ಐಆರ್ ಎಕ್ಸ್‌ಟೆಂಡರ್ ಹಾಕಿದ್ದರೂ ಕೆಲಸ ಮಾಡದಿದ್ದರೆ ಮೊದಲು ರಿಮೋಟ್‌ನ ತುದಿಯನ್ನು ಮೊಬೈಲ್‌ನ ಮುಂದಿನ ಕ್ಯಾಮೆರಾಗೆ ತೋರಿಸಿ ಗುಂಡಿ ಒತ್ತಿ. ಪರದೆಯಲ್ಲಿ ಬೆಳಕು ಮಿನುಗಿದರೆ ರಿಮೋಟ್ ಸರಿ. ಇದೇ ರೀತಿ ಬಾಕ್ಸ್ ಮುಂದಿರುವ, ಸಂಕೇತ ಬಿಡುವ ಎಮಿಟರನ್ನೂ ನೋಡಿ, ರೂಮಿನಲ್ಲಿ ಯಾರಾದರೂ ರಿಮೋಟ್ ಒತ್ತಲಿ. ಅಲ್ಲಿ ಬೆಳಕಿಲ್ಲದಿದ್ದರೆ ಎರಡು ಐಆರ್ ವೈರ್ ಅದಲು ಬದಲಾಗಿರಬಹುದು. ಕಪ್ಪು ಕಣ್ಣಿನ ರಿಸೀವರ್ ರೂಮಿನಲ್ಲಿರಬೇಕು, ಚಿಕ್ಕ ಎಮಿಟರ್ ಬಾಕ್ಸ್ ಬಳಿ. ಬೆಳಕಿದ್ದೂ ಬಾಕ್ಸ್ ಕೇಳದಿದ್ದರೆ ಎಮಿಟರ್ ಸರಿಯಾದ ಜಾಗದಲ್ಲಿ ಅಂಟಿಲ್ಲ. ಟಾರ್ಚ್ ಬೆಳಕು ಹಾಯಿಸಿ ಬಾಕ್ಸ್‌ನ ಮುಂಭಾಗದ ಕಪ್ಪು ಪ್ಲಾಸ್ಟಿಕ್ ಹಿಂದೆ ಸೆನ್ಸರ್ ಎಲ್ಲಿದೆ ಹುಡುಕಿ.

ಕಿಟಕಿಯ ಬಿಸಿಲು ರಿಸೀವರ್ ಮೇಲೆ ನೇರ ಬಿದ್ದರೆ ಸಂಜೆ ಕೆಲಸ ಮಾಡುವುದು ಬೆಳಿಗ್ಗೆ ಮಾಡದೇ ಇರಬಹುದು. ಮಾತಾಡಿ ಹುಡುಕುವ ಗುಂಡಿ ಇರುವ ರಿಮೋಟ್‌ಗಳು ಹೆಚ್ಚಾಗಿ ಬ್ಲೂಟೂತ್‌ನವು. ಅವುಗಳಿಗೆ ಐಆರ್ ಎಕ್ಸ್‌ಟೆಂಡರ್ ಉಪಯೋಗವಿಲ್ಲ. ಬ್ಲೂಟೂತ್ ಒಂದು ಗೋಡೆ ದಾಟಬಹುದು, ಎಕ್ಸ್‌ಟೆಂಡರ್ ಇಲ್ಲದೆಯೇ ಒತ್ತಿ ನೋಡಿ.

ಜುಮ್ಮೆನ್ನುವ ಪಿನ್, ಗುಂಯ್‌ಗುಡುವ ಸ್ಪೀಕರ್

ಕೇಬಲ್ ಸಿಕ್ಕಿಸುವಾಗ ಕೈಗೆ ಜುಮ್ಮೆಂದರೆ ಅಲ್ಲಿಗೇ ನಿಲ್ಲಿಸಿ. ಎರಡು ಪಿನ್‌ನ ಅಡಾಪ್ಟರ್‌ಗಳಿಂದ ಸಣ್ಣ ಸೋರಿಕೆ ಸಹಜ. ಆದರೆ ಪ್ಲಗ್‌ನಲ್ಲಿ ಅರ್ಥಿಂಗ್ ಇಲ್ಲದಿದ್ದರೆ ಅದು ಕೇಬಲ್‌ನ ಲೋಹದ ಹೊದಿಕೆಯಲ್ಲಿ ನಿಲ್ಲುತ್ತದೆ. ಎರಡು ರೂಮಿನ ಅರ್ಥಿಂಗ್ ನಡುವೆ ವ್ಯತ್ಯಾಸವಿದ್ದರೆ ಸ್ಪೀಕರ್‌ನಲ್ಲಿ ಗುಂಯ್ ಎನ್ನುತ್ತದೆ, ಎವಿ ಚಿತ್ರದಲ್ಲಿ ಅಡ್ಡಪಟ್ಟಿ ನಿಧಾನವಾಗಿ ಮೇಲೇರುತ್ತದೆ. ಡಿಶ್ ವೈರ್ ಕಿತ್ತು ನೋಡಿ, ಆಮೇಲೆ ಎರಡೂ ಟಿವಿಯನ್ನು ಒಂದೇ ಎಕ್ಸ್‌ಟೆನ್ಷನ್ ಬೋರ್ಡ್‌ಗೆ ಹಾಕಿ ನೋಡಿ. ಸದ್ದು ನಿಂತರೆ ದೋಷ ಅರ್ಥಿಂಗ್‌ನದು. ಇದನ್ನು ಎಲೆಕ್ಟ್ರಿಷಿಯನ್‌ಗೆ ಬಿಡಿ, ಅರ್ಥ್ ಪಿನ್ ಮುರಿದು ಸದ್ದು ನಿಲ್ಲಿಸುವ ಉಪಾಯ ಯಾರೇ ಹೇಳಿದರೂ ಮಾಡಬೇಡಿ. ಕರೆಂಟ್ ಹೋದಾಗ ಮಾತ್ರ ಗುಂಯ್ ಎಂದರೆ ಸ್ಕ್ವೇರ್ ವೇವ್ ಯುಪಿಎಸ್ ಕಾರಣ, ಕೇಬಲ್ ಅಲ್ಲ.

ಯಾವ ಕೇಬಲ್ ಆಗಲಿ, 230 ವೋಲ್ಟ್‌ನ ವೈರ್ ಇರುವ ಪೈಪ್‌ನಲ್ಲಿ ಎಳೆಸಬೇಡಿ. ಬೇರೆ ಪೈಪ್ ಇಲ್ಲದಿದ್ದರೆ ಮೂಲೆಗೆ ಪಟ್ಟಿ ಹೊಡೆದು ಹೊರಗಿನಿಂದಲೇ ಒಯ್ಯಿರಿ. ಏಪ್ರಿಲ್, ಮೇ ತಿಂಗಳ ಗುಡುಗು ಮಳೆ ಶುರುವಾಗುವ ಮೊದಲೇ ಪ್ಲಗ್ ಜೊತೆ ಡಿಶ್ ವೈರನ್ನೂ, ರೂಮಿಗೆ ಹೋಗುವ ಉದ್ದದ ಕೇಬಲನ್ನೂ ಬಾಕ್ಸ್‌ನಿಂದ ಕಿತ್ತಿಡಿ. ಹಾಗೆ ಕೀಳಲು ಕೈ ಎಟುಕುವಂತೆ ಬಾಕ್ಸನ್ನು ಟಿವಿ ಹಿಂದೆ ಗೋಡೆಗೆ ಅಂಟಿಸದೆ ಸ್ಟ್ಯಾಂಡ್ ಮೇಲಿಟ್ಟರೆ ಒಳ್ಳೆಯದು.